ಗಾಡಿಯ ಕಣ್ಣಿಗೆ ಬಂದ ಪೊರೆ

ಸುಗ್ಗಿಯ ಕಾಲ. ಒಂದು ರಾತ್ರಿ ಬೇಲೂರಿನಿಂದ ಅರಸೀಕೆರೆಗೆ ಹಳೆಯ ಕಾರಿನಲ್ಲಿ ಹಿಂದಿರುಗುತ್ತಿದ್ದೆ. ಹಳೇಬೀಡು ದಾಟಿ ಜಾವಗಲ್ ಕಡೆಗೆ ಬರುವಾಗ ರಸ್ತೆಯ ಮೇಲೆ ರಾಗಿ ಹುಲ್ಲು ಹರಡಿತ್ತು. ಅದರ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ವೃದ್ಧರೊಬ್ಬರು ನನಗೆ ಕಂಡದ್ದು ಕೊನೆಯ ಗಳಿಗೆಯಲ್ಲಿ. ಬ್ರೇಕ್ ಒತ್ತಿದೆ. ಅವರಿಂದ ಎರಡು ಮಾರು ದೂರದಲ್ಲಿ ಗಾಡಿ ನಿಂತಿತು. ನನ್ನ ಹೆದರಿಕೆ ಕೋಪವಾಗಿ ಹೊರಬಂತು. "ರಸ್ತೆಯಲ್ಲಿ ಕೂತಿದ್ದೀರಲ್ಲ, ಒಂದು ಲಾಟೀನಾದರೂ ಇಟ್ಟುಕೊಳ್ಳಬಾರದೇ?" ಎಂದು ಗದರಿದೆ. ಅವರು ಎದ್ದು ಕೈಮುಗಿದು, "ತಪ್ಪಾಯ್ತು ಸ್ವಾಮಿ" ಎಂದರು. ನಾನು ಮುಂದೆ ಹೊರಟೆ.

ಕೆಲವು ತಿಂಗಳಿಂದ ರಾತ್ರಿಯ ದಾರಿ ನನಗೆ ಮಂಕಾಗಿ ಕಾಣುತ್ತಿತ್ತು. ನಲವತ್ತು ದಾಟಿದ ಕಣ್ಣು ಎಂದುಕೊಂಡು ಕನ್ನಡಕ ಬದಲಾಯಿಸಿದೆ. ಮಂಜನ್ನು ದೂರಿದೆ, ಎದುರು ಬರುವ ಲಾರಿಗಳನ್ನು ದೂರಿದೆ. ಕೊನೆಗೆ ಗ್ಯಾರೇಜಿನ ಹುಡುಗ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ನಕ್ಕ. "ಫಾದರ್, ನಿಮ್ಮ ಕಣ್ಣು ಚೆನ್ನಾಗೇ ಇದೆ. ಪೊರೆ ಬಂದಿರೋದು ಗಾಡಿ ಕಣ್ಣಿಗೆ."

ನೋಡಿದೆ. ಎರಡೂ ಹೆಡ್‌ಲೈಟುಗಳು ಹಳದಿಯಾಗಿ ಮಬ್ಬಾಗಿದ್ದವು. ದಿನವೂ ಅದೇ ಗಾಡಿ ಹತ್ತುತ್ತಿದ್ದೆ, ಆದರೂ ಕಂಡಿರಲಿಲ್ಲ.

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ದುಂಡು ದೀಪಕ್ಕೆ ಗಾಜಿತ್ತು. ಅದು ಹೀಗೆ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಹಗುರ, ಬೇಗ ಒಡೆಯದು. ಆದರೆ ಬಿಸಿಲಿನ ನೇರಳಾತೀತ ಕಿರಣಗಳನ್ನು ತಾಳದು. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ ರಕ್ಷಣೆಯ ಲೇಪ ಹಚ್ಚಿರುತ್ತಾರೆ. ವರ್ಷಗಳ ಬಿಸಿಲು, ಧೂಳಿಗೆ ಆ ಲೇಪ ಸವೆದಾಗ ಪ್ಲಾಸ್ಟಿಕ್ಕು ಹಳದಿಯಾಗತೊಡಗುತ್ತದೆ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎ 2018ರಲ್ಲಿ ಪರೀಕ್ಷಿಸಿದಾಗ, ತೀರಾ ಮಬ್ಬಾದ ದೀಪಗಳು ಹೊಸದರ ಸುಮಾರು ಶೇಕಡಾ 20ರಷ್ಟು ಬೆಳಕನ್ನು ಮಾತ್ರ ಕೊಡುತ್ತಿದ್ದವು. ಉಳಿದ ಬೆಳಕಿನಲ್ಲಿ ಒಂದಷ್ಟು ದಿಕ್ಕು ತಪ್ಪಿ ಚೆದರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮಂಕಾಯಿತೆಂದು ಇನ್ನೂ ಜೋರಾದ ಬಲ್ಬು ಹಾಕಿಸಿದರೆ ನಮಗೆ ದಾರಿ ಸರಿಯಾಗಿ ಕಾಣುವುದಿಲ್ಲ, ಎದುರಿನವರು ಮಾತ್ರ ಇನ್ನಷ್ಟು ಕುರುಡಾಗುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ರಾತ್ರಿ ಗಾಡಿ ಎರಡು ಮಾರು ಮುಂದೆ ಹೋಗಿದ್ದರೆ, "ನನಗೆ ಗೊತ್ತಿರಲಿಲ್ಲ" ಎಂದು ನಾನು ಹೇಳಬಹುದಿತ್ತೇ? ಹಳೇಬೀಡಿನಲ್ಲಿ ಹೊಯ್ಸಳರು ಆಳುತ್ತಿದ್ದ 13ನೇ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಅಜ್ಞಾನವನ್ನು ಎರಡಾಗಿ ವಿಂಗಡಿಸಿದರು. ಎಷ್ಟು ಪ್ರಯತ್ನಿಸಿದರೂ ತಿಳಿಯಲಾಗದ್ದು ಒಂದು, ಅದು ದೋಷವಲ್ಲ. ತಿಳಿಯಬಹುದಾಗಿದ್ದು, ತಿಳಿಯಬೇಕಾಗಿಯೂ ಇದ್ದು, ಅಸಡ್ಡೆಯಿಂದ ತಿಳಿಯದೆ ಉಳಿದದ್ದು ಇನ್ನೊಂದು, ಅದು ದೋಷವೇ.

ಆದರೆ ಮಂಕು ಒಂದೇ ದಿನ ಬರುವುದಿಲ್ಲವಲ್ಲ! ದಿನಕ್ಕೆ ಕೂದಲೆಳೆಯಷ್ಟು ಕಡಿಮೆಯಾಗುವ ಬೆಳಕನ್ನು ಯಾವ ದಿನ ಗುರುತಿಸಬೇಕಿತ್ತು? ಬಹಳ ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು: ತಾನಾಗಿ ಕಣ್ಣಿಗೆ ಬೀಳದ ಕೇಡುಗಳಿವೆ ಎಂದು ಗೊತ್ತಿದ್ದ ಮೇಲೆ, ಅವು ಬಿದ್ದಾಗ ನೋಡೋಣ ಎಂದು ಕಾಯುವುದೇ ಅಸಡ್ಡೆ. ಆಗಾಗ ಇಳಿದು, ಮುಂದೆ ನಿಂತು, ಪರೀಕ್ಷಿಸುವುದೇ ನಮ್ಮ ಕರ್ತವ್ಯ. ಒಳಗೆ ಕುಳಿತವನಿಗೆ ತನ್ನ ದೀಪ ಕಾಣುವುದಿಲ್ಲ. ಎದುರಿಗೆ ನಿಂತವರಿಗೆ ಕಾಣುತ್ತದೆ. ಮನೆಯಲ್ಲಿಯೂ ಹೀಗೆಯೇ. ನಮ್ಮ ಮಾತು ಒರಟಾಗಿದ್ದು, ತಾಳ್ಮೆ ತೀರಿದ್ದು ಮೊದಲು ಗೊತ್ತಾಗುವುದು ಹೆಂಡತಿಗೆ, ಮಕ್ಕಳಿಗೆ. ಅವರು ಹೇಳಿದಾಗ ನಾವು ಸಿಡುಕಿದರೆ, ಮುಂದೆ ಹೇಳುವವರೇ ಇರುವುದಿಲ್ಲ.

ಗ್ಯಾರೇಜಿನ ಹುಡುಗ ದೀಪವನ್ನು ತೊಳೆದು, ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, ನೀರು ಚಿಮುಕಿಸುತ್ತಾ ವಾಟರ್ ಪೇಪರಿನಿಂದ ಉಜ್ಜಿದ. ಮೊದಲು 1000 ನಂಬರಿನದು, ನಂತರ 2000, ಕೊನೆಗೆ 3000. ಹಳದಿ ನೀರು ಇಳಿಯಿತು. ಆಮೇಲೆ ಪಾಲಿಶ್. "ಟೂತ್‌ಪೇಸ್ಟ್ ಹಚ್ಚಿದರೆ ಸಾಲದೇನಪ್ಪಾ?" ಎಂದೆ. "ಗಾಡಿ ಮಾರೋರು ಹಾಗೆ ಮಾಡ್ತಾರೆ ಫಾದರ್. ತಗೊಂಡೋರಿಗೆ ನಾಲ್ಕು ದಿನ ಹೊಳೆಯುತ್ತೆ" ಎಂದ. ಉಜ್ಜಿದಾಗ ಅಳಿದುಳಿದ ಲೇಪವೂ ಹೋಗುವುದರಿಂದ, ಮೇಲೆ ನೇರಳಾತೀತ ಕಿರಣ ತಡೆಯುವ ಹೊಸ ಲೇಪ ಹಚ್ಚಲೇಬೇಕು. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಲೇಪ ಹಚ್ಚಿದ ಮೇಲೂ ಗಾಡಿಯನ್ನು ನೆರಳಲ್ಲಿ ನಿಲ್ಲಿಸಬೇಕು. ಉಜ್ಜಿ ಸರಿಮಾಡಿದ ದೀಪ ಹೊಸದರ ಸುಮಾರು ಶೇಕಡಾ 70ರಷ್ಟು ಬೆಳಕು ಕೊಡುತ್ತದೆ ಎಂದು ಎಎಎ ಕಂಡುಕೊಂಡಿತು. ಒಳಗೇ ನೀರು ಸೇರಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸುವುದೇ ಸರಿ.

ಬೇಲೂರು ದೇವಾಲಯವನ್ನು 1117ರಲ್ಲಿ ಕಟ್ಟಿದವರು ಬಳಪದ ಕಲ್ಲನ್ನು ಆರಿಸಿಕೊಂಡರು. ನೆಲದಿಂದ ತೆಗೆದಾಗ ಅದು ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಒಳಗಿನ ಕಂಬಗಳ ನುಣುಪು ಇಂದಿಗೂ ಹೊಳೆಯುತ್ತದೆ. ನಮ್ಮ ಮನಸ್ಸಾಕ್ಷಿಯೂ ಹಾಗೆಯೇ, ಚಿಕ್ಕಂದಿನಲ್ಲಿ ಒಮ್ಮೆ ಕಡೆದರೆ ಸಾಕು ಎಂದು ನಾವು ಭಾವಿಸುತ್ತೇವೆ. ಅದು ಆ ಕಲ್ಲಿನಂತಲ್ಲ, ನನ್ನ ಗಾಡಿಯ ದೀಪದಂತೆ. ಉಜ್ಜಿಸಿಕೊಳ್ಳಬೇಕು, ಉಜ್ಜಿಸಿಕೊಂಡ ಮೇಲೆ ಕಾಪಾಡಿಕೊಳ್ಳಬೇಕು.

ದೀಪ ಸರಿಯಾದ ಮೇಲೆ ಅದೇ ದಾರಿಯಲ್ಲಿ ಹೋಗಿದ್ದೆ. ಒಕ್ಕಣೆ ಮುಗಿದಿತ್ತು, ಆ ವೃದ್ಧರು ಸಿಗಲಿಲ್ಲ. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿಯಲ್ಲ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅವರ ತಪ್ಪಿನಿಂದ ನನ್ನ ತಪ್ಪು ಅಳಿಯುವುದಿಲ್ಲ. ಲಾಟೀನಿಲ್ಲವೆಂದು ಅವರನ್ನು ಗದರಿದವನ ದೀಪವೇ ಮಂಕಾಗಿತ್ತು. "ತಪ್ಪಾಯ್ತು" ಎಂಬ ಮಾತನ್ನು ನಾನೂ ಹೇಳಬೇಕಿತ್ತು.

ಪ್ರಿಯ ಓದುಗರೇ, ಇಂದು ಸಂಜೆ ನಿಮ್ಮ ಗಾಡಿಯ ದೀಪ ಹಾಕಿ, ಇಳಿದು, ಮುಂದೆ ನಿಂತು ನೋಡಿ. ಆಮೇಲೆ ಒಳಗೆ ಹೋಗಿ, ನಿಮ್ಮ ಬಗ್ಗೆ ಏನು ಕಾಣುತ್ತಿದೆ ಎಂದು ಮನೆಯವರನ್ನೂ ಕೇಳಿ. ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರಿ.