ಕೊನೆಯ ಕೋಣೆಯ ಗಾಳಿ

ನಾನು ಮುಂಬಯಿಗೆ ಬಂದು ಹವಾನಿಯಂತ್ರಣದ ಕೆಲಸಕ್ಕೆ ಸೇರಿದ ಹೊಸತು. ಊರಿನಿಂದ ಬಂದಿದ್ದ ಸೋದರಮಾವನವರು, “ನಿನ್ನ ಕೆಲಸ ಏನಪ್ಪಾ?” ಎಂದು ಕೇಳಿದರು. “ಕಮಿಷನಿಂಗ್, ಮಾವ” ಎಂದೆ. ಅವರ ಮುಖ ಸಣ್ಣದಾಯಿತು. “ಬಿ.ಇ. ಓದಿ ಕಮಿಷನ್ ಹೊಡೆಯುವ ಕೆಲಸವೇ?” ಎಂದರು. ನಾನು ನಕ್ಕು ವಿವರಿಸಿದೆ. ದೊಡ್ಡ ಕಟ್ಟಡದಲ್ಲಿ ಯಂತ್ರಗಳನ್ನು ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅವುಗಳನ್ನು ನಡೆಸಿ, ನೀರು, ಗಾಳಿ, ಉಷ್ಣತೆಗಳನ್ನು ಅಳೆದು, ನಕ್ಷೆಯಲ್ಲಿ ಹೇಳಿದಷ್ಟು ಪ್ರತಿ ಕೋಣೆಗೂ ಸಿಗುತ್ತಿದೆಯೇ ಎಂದು ನೋಡಿ, ವರದಿಗೆ ರುಜು ಹಾಕಿ ಮಾಲೀಕರಿಗೆ ಒಪ್ಪಿಸಬೇಕು. ಅದೇ ಕಮಿಷನಿಂಗ್. ಮಾವನಿಗೆ ಸಮಾಧಾನವಾಯಿತು. ಆದರೆ ಅವರ ಸಂಶಯ ಪೂರ್ತಿ ತಪ್ಪಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಕೆಲವು ವರ್ಷಗಳ ಅನಂತರ.

ತಂಪು ಎಂಬುದು ಯಂತ್ರದಲ್ಲಿ ಹುಟ್ಟುವ ವಸ್ತುವಲ್ಲ. ಯಂತ್ರ ಮಾಡುವುದು ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಹಮಾಲಿ ಕೆಲಸ. ನಾವು ‘ಟನ್’ ಎನ್ನುವುದು ಯಂತ್ರದ ತೂಕವೂ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದ ಲೆಕ್ಕ. ದೊಡ್ಡ ಕಟ್ಟಡಗಳಲ್ಲಿ ಚಿಲ್ಲರ್ ಎಂಬ ಯಂತ್ರ ನೀರನ್ನು ಸುಮಾರು 7 ಡಿಗ್ರಿಗೆ ಇಳಿಸುತ್ತದೆ. ಆ ನೀರು ಗಾಳಿಯನ್ನು ತಣಿಸುತ್ತದೆ, ಫ್ಯಾನು ಆ ಗಾಳಿಯನ್ನು ಡಕ್ಟುಗಳಲ್ಲಿ ದೂಡುತ್ತದೆ. ಗಾಳಿಯಾದರೋ ಸುಲಭದ ದಾರಿ ಹುಡುಕುವಂಥದು. ಫ್ಯಾನಿನ ಬಳಿಯ ಕೋಣೆಗೆ ಬೇಡವೆಂದರೂ ನುಗ್ಗುತ್ತದೆ, ಡಕ್ಟಿನ ತುದಿಯ ಕೋಣೆಗೆ ಕರೆದರೂ ಬರುವುದಿಲ್ಲ. ಫ್ಯಾನಿನ ವೇಗ ಏರಿಸಿದರಾಯಿತಲ್ಲ ಎನ್ನಬಹುದು. ವೇಗವನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ಅದು ತಿನ್ನುವ ವಿದ್ಯುತ್ತು ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಹತ್ತಿರದವರಿಗೆ ಚಳಿ ಹಿಡಿಯುತ್ತದೆ.

ಆದ್ದರಿಂದ ನಮ್ಮ ವಿದ್ಯೆಯಲ್ಲಿ ಒಂದು ಕ್ರಮವಿದೆ. ಎಲ್ಲ ಕಿಂಡಿಗಳ ಗಾಳಿಯನ್ನೂ ಅಳೆದು, ತನ್ನ ಪಾಲಿಗೆ ಹೋಲಿಸಿದರೆ ಎಲ್ಲಕ್ಕಿಂತ ಕಡಿಮೆ ಯಾವುದಕ್ಕೆ ಸಿಕ್ಕಿದೆ ಎಂದು ಕಂಡುಹಿಡಿಯಬೇಕು. ಅದರ ಡ್ಯಾಂಪರನ್ನು ಪೂರ್ತಿ ತೆರೆದಿಟ್ಟು, ಉಳಿದವುಗಳನ್ನು ಅದಕ್ಕೆ ಹೊಂದುವಂತೆ ಬಿಗಿಯಬೇಕು. ಫ್ಯಾನಿನ ಮಾತು ಆಮೇಲೆ. ಗಾಂಧೀಜಿಯವರು 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಓದಿ, ಮುಂದೆ ಅದನ್ನು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು. ಕಡೆಯವನಿಂದ ಲೆಕ್ಕ ಹಿಡಿಯುವ ಆ ನೀತಿಯನ್ನು ನಾವು ತಗಡಿನ ಡಕ್ಟಿನಲ್ಲಿ ದಿನವೂ ಪಾಲಿಸಬೇಕಾದವರು.

ಪಾಲಿಸಿದೆನೇ? 1983ರಲ್ಲಿ ನರಿಮನ್ ಪಾಯಿಂಟಿನ ಒಂದು ಕಟ್ಟಡ. ಸೋಮವಾರ ಉದ್ಘಾಟನೆ, ಶನಿವಾರ ರಾತ್ರಿ ನಾನು ಅಳತೆ ನಡೆಸಿದ್ದೆ. ಒಂದು ಮಹಡಿಯ ತುದಿಯಲ್ಲಿ ಟೆಲಿಫೋನ್ ಬೋರ್ಡಿನ ಕೋಣೆ. ಅಲ್ಲಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಬರಬೇಕಿತ್ತು, ಬಂದದ್ದು 180. ಡ್ಯಾಂಪರ್ ಪೂರ್ತಿ ತೆರೆದಿತ್ತು. ಕಾರಣ ಹುಡುಕಲು ಹೊಸ ಸುಣ್ಣ ಬಳಿದಿದ್ದ ಸೀಲಿಂಗನ್ನು ಬಿಚ್ಚಬೇಕು. ಹಿರಿಯರೊಬ್ಬರು ಹೇಳಿದರು: “ಇಡೀ ಮಹಡಿಯ ಮೊತ್ತ ಸರಿಯಾಗಿದೆಯಲ್ಲ, 390 ಎಂದು ಬರೆದುಬಿಡಿ. ರುಜು ಬೀಳದಿದ್ದರೆ ಬಿಲ್ಲು ಪಾಸಾಗುವುದಿಲ್ಲ. ತಗಡು ಬಡಿದ ಹುಡುಗರು ಸಂಬಳಕ್ಕೆ ಕಾದಿದ್ದಾರೆ.” ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಬರೆದೆ, ರುಜು ಹಾಕಿದೆ.

ಆರು ತಿಂಗಳ ಮೇಲೆ ಬೇರೊಂದು ದೂರಿಗಾಗಿ ಅಲ್ಲಿಗೆ ಹೋದೆ. ಟೆಲಿಫೋನ್ ಕೋಣೆಯಲ್ಲಿ ಸ್ಟೂಲಿನ ಮೇಲೆ ಟೇಬಲ್ ಫ್ಯಾನು ತಿರುಗುತ್ತಿತ್ತು. ಆಪರೇಟರ್ ಹೆಂಗಸು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಮರಾಠಿಯಲ್ಲಿ ಹೇಳಿದರು: “ನಾಲ್ಕು ಸಲ ದೂರು ಕೊಟ್ಟೆವು, ಸಾಹೇಬರೇ. ಆಫೀಸಿನವರು ಫೈಲು ತೆಗೆದು ತೋರಿಸಿದರು. ಫೈಲಿನಲ್ಲಿ ಗಾಳಿ ಇದೆಯಂತೆ.” ಆ ಅಂಕಿ ಯಾರ ಕೈಬರಹವೆಂದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಸೀಲಿಂಗ್ ಬಿಚ್ಚಿಸಿದಾಗ ಡಕ್ಟಿನ ಕವಲಿನಲ್ಲಿ ಕೆಲಸಗಾರರು ಮರೆತುಹೋಗಿದ್ದ ಒಂದು ಗೋಣಿಚೀಲ ಸಿಕ್ಕಿತು. ಅದನ್ನು ತೆಗೆಯಲು ಅರ್ಧ ಗಂಟೆ ಸಾಕಾಯಿತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸುಳ್ಳು ಅಂಕಿಯಿಂದ ಆಗುವ ಕೇಡು ಎಂಥದು? ಅಕ್ಕಿ ಕಡಿಮೆ ಅಳೆದ ಅಂಗಡಿಯವನನ್ನು ನಾವು ಕಳ್ಳ ಎನ್ನುತ್ತೇವೆ. ಆದರೆ ಅವನ ಕಳವು ಮನೆಗೆ ಹೋಗಿ ಸೇರಿನಲ್ಲಿ ಅಳೆದರೆ ಬಯಲಾಗುತ್ತದೆ. ನನ್ನ 390 ಹಾಗಲ್ಲ. ನಾನು 180 ಎಂದೇ ಬರೆದಿದ್ದರೆ ಯಾರಾದರೊಬ್ಬರು ಗೋಣಿಚೀಲವನ್ನು ಹುಡುಕಲೇಬೇಕಾಗುತ್ತಿತ್ತು. 390 ಎಂಬ ಅಂಕಿ ಆ ಹುಡುಕಾಟದ ಬಾಗಿಲನ್ನೇ ಮುಚ್ಚಿತು. ಅಷ್ಟೇ ಅಲ್ಲ, ನಿಜ ಹೇಳುತ್ತಿದ್ದ ಹೆಂಗಸನ್ನು ಸುಳ್ಳುಗಾತಿಯನ್ನಾಗಿ ಮಾಡಿತು. ಹೀಗೆ ಬರೆದ ಸುಳ್ಳು ಮ್ಯಾನೇಜರ ಕೋಣೆಯ ಮೇಲೆ ಬೀಳುವುದು ಅಪರೂಪ. ಅವರಿಗೆ ಸೆಕೆಯಾದರೆ ಮರುದಿನವೇ ಸೀಲಿಂಗ್ ಬಿಚ್ಚುತ್ತಾರೆ. ಅದು ಬೀಳುವುದು ದನಿಯಿಲ್ಲದ ಕೊನೆಯ ಕೋಣೆಯ ಮೇಲೆ.

ಹಾಗಾದರೆ ಹುಡುಗರ ಸಂಬಳ? ಅದೂ ಧರ್ಮದ ಪ್ರಶ್ನೆಯೇ. ಆದರೆ ಸತ್ಯಕ್ಕೂ ಸಂಬಳಕ್ಕೂ ಅಂದು ನಿಜವಾಗಿ ಜಗಳವಿತ್ತೇ? ‘ಈ ಒಂದು ಕೋಣೆ ಬಾಕಿ’ ಎಂದು ಬರೆದು ಉಳಿದದ್ದನ್ನು ಒಪ್ಪಿಸಬಹುದಿತ್ತು. ನಾನು ಹಾಗೆ ಕೇಳಲೇ ಇಲ್ಲ. ದಿಲ್ಲಿಯಂಥ ಊರುಗಳಲ್ಲಿ ಚಳಿಗೆ ಬಿಸಿನೀರು, ಬೇಸಗೆಗೆ ತಣ್ಣೀರು, ಎರಡೂ ಏರ್ಪಾಡು ಇರುವ ಕಟ್ಟಡಗಳುಂಟು. ಡಿಸೆಂಬರಿನಲ್ಲಿ ಅಲ್ಲಿಯ ತಂಪಿನ ಯಂತ್ರವನ್ನು ಅದರ ಪೂರ್ಣ ಹೊರೆಯ ಮೇಲೆ ಪರೀಕ್ಷಿಸಲು ಬಾರದು. ಪ್ರಾಮಾಣಿಕನಾದವನು ‘ಮೇ ತಿಂಗಳಲ್ಲಿ ಮತ್ತೆ ನೋಡತಕ್ಕದ್ದು’ ಎಂದು ಬರೆಯುತ್ತಾನೆ. ಕೆಲಸ ಅಪೂರ್ಣವಾಗಿರುವುದು ಅಪರಾಧವಲ್ಲ, ಅಪೂರ್ಣವನ್ನು ಪೂರ್ಣವೆಂದು ಬರೆಯುವುದು ಅಪರಾಧ.

ಇಂದು ಅಳೆಯುವ ಉಪಕರಣಗಳು ಅಂಕಿಗಳನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಆದರೂ ಉಪಕರಣವನ್ನು ಕೊನೆಯ ಕೋಣೆಯವರೆಗೆ ಹೊತ್ತುಕೊಂಡು ಹೋಗಬೇಕಾದವನು ಮನುಷ್ಯನೇ. ಈ ಮಹಾನಗರದಲ್ಲಿ ನಮ್ಮವರು ಬಹಳ ಮಂದಿ ರುಜು ಹಾಕಿಯೇ ಹೊಟ್ಟೆ ಹೊರೆದವರು: ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಗೋದಾಮಿನಲ್ಲಿ. ನಮ್ಮ ರುಜುವನ್ನು ನಂಬಿ ಯಾವುದೋ ಮೂಲೆಯಲ್ಲಿ ಕುಳಿತವರ ಮುಖ ನಮಗೆ ಸಾಮಾನ್ಯವಾಗಿ ಕಾಣುವುದಿಲ್ಲ. ನನಗೆ ಒಮ್ಮೆ ಕಂಡಿತು. ಅಂದಿನಿಂದ ಅಳತೆಯನ್ನು ನಾನು ಕೊನೆಯ ಕೋಣೆಯಿಂದಲೇ ಆರಂಭಿಸುತ್ತ ಬಂದೆ.