ಹಾಡಿನ ದಾರಿಯಲ್ಲಿ ಬರುವವರು

ಮೈಸೂರಿನ ದೇವರಾಜ ಮೊಹಲ್ಲಾದ ಮಾರುಕಟ್ಟೆಯಲ್ಲಿ, ಒಂದು ಸೋಮವಾರದ ಬೆಳಿಗ್ಗೆ ಹೂವಾಡಗಿತ್ತಿಯರು ಮಲ್ಲಿಗೆಯನ್ನು ಮೊಳಹಾಕುತ್ತಿರುವ ಹೊತ್ತಿಗೆ, ಹೆಗಲಿಗೆ ಜೋಳಿಗೆ ಹಾಕಿದ ದೇವರಗುಡ್ಡನೊಬ್ಬನು ಬಂದು, ಎಡಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಾಳವನ್ನು ತಾಕಿಸಿ, ಸಂಕಮ್ಮನ ಸಾಲನ್ನು ಎತ್ತಿಕೊಂಡನು. ಗಂಡನ ಸಂಶಯಕ್ಕೆ ಗುರಿಯಾಗಿ ಕಾಡಿನಲ್ಲಿ ಬೆಂದ ಸೋಲಿಗರ ಹೆಣ್ಣನ್ನು ಮಾದಪ್ಪನು ಕಾಯ್ದ ಕಥೆಯದು. ಹಾಡುವವನ ಮೈಮೇಲೆ ಯಾರೂ ಬರಲಿಲ್ಲ. ಆದರೂ ಅಂಗಡಿಯಾಕೆ ‘ಉಘೇ ಮಾದಪ್ಪ’ ಎಂದು ಕೈಮುಗಿದು, ಬಟ್ಟಲಿನ ಮೇಲೊಂದು ಹೂವಿಟ್ಟಳು.

ತುಳುನಾಡಿಗೆ ಇಷ್ಟು ಸಾಲದು, ಹಾಡಿನ ಬೆನ್ನಿಗೆ ದೈವವು ಮೈಮೇಲೆ ಬರಬೇಕು. ಅಲ್ಲಿ ದೈವ ಕಟ್ಟುವವನು ಮುಖಕ್ಕೆ ಅರದಳ ಬಳಿದುಕೊಳ್ಳುತ್ತಿರುವಾಗ ಅವನ ಮನೆಯ ಹೆಂಗಸು ತೆಂಬರೆ ಬಡಿಯುತ್ತ, ದೈವದ ಕಥೆಯ ಹಾಡಾದ ಪಾಡ್ದನ ಹೇಳುವಳು. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನು ಇನ್ನೆಲ್ಲಿಯೂ ಅಂಥದನ್ನು ಕಡೆಯಬಾರದೆಂದು ಅರಸನು ಅವನ ಒಂದು ಕೈ ಒಂದು ಕಾಲು ಕಡಿಸಿದನಂತೆ. ಉಳಿದೊಂದು ಕೈಯಿಂದಲೇ ಅವನು ವೇಣೂರಿನ ಮೂರ್ತಿಯನ್ನೂ ಕಡೆದನಂತೆ. ಶಾಸನಗಳ ಪ್ರಕಾರ ಮೊದಲನೆಯದು 1432ರದು, ಎರಡನೆಯದು 1604ರದು. ನಡುವಿನ ನೂರೆಪ್ಪತ್ತೆರಡು ವರ್ಷಗಳು ಪಾಡ್ದನಕ್ಕೆ ಲೆಕ್ಕಕ್ಕಿಲ್ಲ. ಕಲ್ಕುಡನು ಸತ್ತನೆಂದು ತುಳುವರು ಹೇಳುವುದಿಲ್ಲ, ಮಾಯವಾದನೆನ್ನುತ್ತಾರೆ. ಕಾಲಿಗೆ ಗಗ್ಗರ ಕಟ್ಟಿ ದೈವವಾಗಿ ಎದ್ದು ನಿಂತಮೇಲೆ, ಆ ಅಂಗಹೀನನ ನುಡಿಗಾಗಿ ಗುತ್ತಿನ ಯಜಮಾನನೂ ತಲೆಬಾಗಿ ಕಾಯಬೇಕು.

ಬ್ರೆಜಿಲಿನ ಉಂಬಾಂಡಾ ಮತದವರಲ್ಲಿಯೂ ಇಂಥದೇ ಕ್ರಮವುಂಟು. 1908ರಲ್ಲಿ, ರಿಯೊ ನಗರದ ಎದುರುದಡದ ನಿತೆರೊಯ್‌ನಲ್ಲಿ, ಪ್ರೇತಸಂವಾದಿಗಳ ಸಭೆಯೊಂದು ಮೂಲನಿವಾಸಿಗಳ ಮತ್ತು ಗುಲಾಮರ ಆತ್ಮಗಳನ್ನು ಹಿಂದುಳಿದವೆಂದು ಹೊರಗಟ್ಟಲು, ಜೆಲಿಯೊ ದೆ ಮೊರಾಯಿಸ್ ಎಂಬ ತರುಣನ ಮೈಮೇಲೆ ಬಂದ ಕಾಡಿನವನೊಬ್ಬನು ಅವರಿಗೆಲ್ಲ ಬಾಗಿಲು ತೆರೆಯುವ ಮತವನ್ನು ಸಾರಿದನೆಂದು ಐತಿಹ್ಯ. ಅಲ್ಲಿ ಮೈಮೇಲೆ ಬಂದು ಸಲಹೆ ಹೇಳುವ ಹಿರಿಯರಲ್ಲಿ ಮುಖ್ಯರು, ಗುಲಾಮರ ಆತ್ಮಗಳಾದ ‘ಪ್ರೆಟೊ ವೆಲ್ಯೊ’ಗಳು. (ಇದು ನಮ್ಮ ಪ್ರೇತವಲ್ಲ, ಮುದಿ ಕರಿಯನೆಂದರ್ಥ.) ಅವರನ್ನು ಬರಮಾಡಿಕೊಳ್ಳುವುದೂ ಮದ್ದಳೆಯೊಡನೆ ಹಾಡುವ ಪದಗಳಿಂದಲೇ.

ನಾಮರೂಪಗಳನ್ನು ಕಳಚಿದ ಮೇಲೆ ಉಳಿಯುವುದೇ ಸತ್ಯವೆಂಬ ವೇದಾಂತಿಗೆ ಇದೆಲ್ಲ ಉಪಾಧಿಗಳ ಜಾತ್ರೆಯಾಗಿ ತೋರಬಹುದು. ಆದರೆ ಬದುಕಿದ್ದಾಗ ಯಾರ ಮಾತನ್ನು ಯಾರೂ ಕೇಳಲಿಲ್ಲವೋ ಅವರಿಂದ ಮಾತು ಬೇಡುವವನು ಅವರ ಹೆಸರನ್ನೂ ಊರನ್ನೂ ಪೆಟ್ಟನ್ನೂ ಮೊದಲು ಕೇಳಿಸಿಕೊಳ್ಳಲೇಬೇಕಷ್ಟೆ. ಹಾಡು ಆ ಕೇಳ್ಮೆಗೆ ಹಾಕಿದ ಕಟ್ಟಳೆಯೆಂದು ನನಗೆ ತೋರುತ್ತದೆ. ಮೈಮೇಲೆ ಬರುವುದು ನಿಜವೋ ಅಲ್ಲವೋ ಎಂಬ ವಾದದಲ್ಲಿ ನಾವು ವೃಥಾ ಕಾಲ ಕಳೆದೆವು.

ಮಾರುಕಟ್ಟೆಯ ಆ ದೇವರಗುಡ್ಡನು ಹೂವಿನಂಗಡಿಯಾಕೆ ಕೊಟ್ಟ ಕಾಸನ್ನು ಜೋಳಿಗೆಗೆ ಹಾಕಿ ಬಾಳೆಹಣ್ಣಿನಂಗಡಿಯ ಮುಂದೆ ನಿಂತನು. ಸಂಕಮ್ಮನ ಕಥೆಯನ್ನು ಮೊದಲಿನಿಂದಲ್ಲ, ಹೂವಿನಂಗಡಿಯಲ್ಲಿ ನಿಲ್ಲಿಸಿದ್ದ ಸೊಲ್ಲಿನಿಂದಲೇ ಮುಂದುವರಿಸಿದನು.