ಹೋಗಿ ಬರತೇನಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ‘ಧೈರ್ಯ ಹೇಳಿ ಬರೂದು’ ಎಂಬ ಒಂದು ರೂಢಿಯಿದೆ. ಯಾರದೋ ಮನೆಯಲ್ಲಿ ಸಾವಾಗಲಿ, ಗಂಡನ ನೌಕರಿ ಹೋಗಲಿ, ಮಗಳ ಮದುವೆ ಮುರಿದು ಬೀಳಲಿ, ಓಣಿಯ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಹೊರಡುತ್ತೇವೆ. ಹೋಗಿ ಚಾಪೆಯ ಮೇಲೆ ಕೂತು, “ಧೈರ್ಯಾ ತಗೋರಿ, ಮಕ್ಕಳ ಮುಖಾ ನೋಡಿ ಜೀವಾ ಗಟ್ಟಿ ಮಾಡಿಕೊಳ್ರಿ, ಎಲ್ಲಾ ಛಲೋ ಆಗ್ತದ” ಎಂದು ಹೇಳಿ, ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇವೆ. ಇದು ಕೆಟ್ಟ ರೂಢಿಯೆಂದು ನಾನು ಹೇಳಲಾರೆ. ಯಾರೂ ಬಾರದ ಮನೆಯ ದುಃಖ ಇದಕ್ಕಿಂತ ದೊಡ್ಡದು.

ಆದರೂ ಒಂದು ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಬದುಕಿನ ಮೇಲಿನ ಆಸೆಯನ್ನೇ ಕಳೆದುಕೊಂಡು ಕೂತವಳ ಎದುರಿಗೆ “ಎಲ್ಲಾ ಛಲೋ ಆಗ್ತದ” ಎನ್ನಲು ನಮಗೆ ಹಕ್ಕಿದೆಯೇ? ಆಗುತ್ತದೋ ಇಲ್ಲವೋ ನಮಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದರೆ ಅದು ಸುಳ್ಳಲ್ಲವೇ? ಹೇಳದೆ ಸುಮ್ಮನಿದ್ದರೆ ಅದು ಕಠೋರತನವಲ್ಲವೇ?

ನಾನು ಕ್ರೈಸ್ತ ಮನೆತನದವಳು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಯೂರಿದಂದಿನಿಂದ ಇಲ್ಲಿ ಬೇರುಬಿಟ್ಟಿರುವ ಸಭೆಗಳ ನಡುವೆ ಬೆಳೆದವಳು. ನಮ್ಮ ಮನೆಗಳಲ್ಲಿ ಈ ಧೈರ್ಯದ ಮಾತಿಗೆ ಇನ್ನೊಂದು ಸೇರುತ್ತದೆ: “ನಿನಗ ವಿಶ್ವಾಸ ಸಾಲದವಾ. ಕರ್ತನ ಮ್ಯಾಲೆ ಭಾರಾ ಹಾಕು.” ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡುವವಳಿಗೆ ಇದರಿಂದ ಎರಡನೆಯ ಭಾರವೊಂದು ಬೀಳುತ್ತದೆ. ದುಃಖ ಮೊದಲೇ ಇತ್ತು. ಈಗ ‘ನನ್ನ ಭಕ್ತಿಯೂ ಸಾಲದು’ ಎಂಬ ಅಪರಾಧದ ಭಾವನೆ ಜೊತೆಗೂಡಿತು.

ಕೆಲವರು ದೊಡ್ಡವರ ಉದಾಹರಣೆ ಕೊಡುತ್ತಾರೆ. ಕಿಟೆಲ್ ಸಾಹೇಬರ ಹೆಸರು ನಮ್ಮಲ್ಲಿ ತಪ್ಪದೆ ಬರುತ್ತದೆ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಈ ನಾಡಿಗೆ ಬಂದವರು, ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿಯನ್ನು ಕಳೆದುಕೊಂಡವರು, ಆದರೂ ಬಿಡದೆ ದುಡಿದು 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟವರು. ಇದು ಹೆಮ್ಮೆಯ ಕಥೆ, ನಿಜ. ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದಷ್ಟು ಕಷ್ಟವಾಗಿರುವವಳಿಗೆ ನಿಘಂಟು ಬರೆದವರ ಕಥೆ ಹೇಳಿದರೆ ಏನಾದೀತು? ‘ಅವರಿಂದ ಆಯಿತು, ನನ್ನಿಂದ ಆಗಲಿಲ್ಲ’ ಎಂದು ಅವಳು ಇನ್ನಷ್ಟು ಕುಗ್ಗುತ್ತಾಳೆ.

ವಿಚಿತ್ರವೆಂದರೆ ನಮ್ಮ ಬೈಬಲ್ ಹೀಗೆ ಮಾತಾಡುವುದಿಲ್ಲ. ಎಲೀಯನೆಂಬ ಪ್ರವಾದಿಯ ಕಥೆ ನೋಡಿರಿ. ರಾಣಿಯೊಬ್ಬಳು ಕೊಲ್ಲಿಸುತ್ತೇನೆಂದು ಆಣೆಯಿಟ್ಟಾಗ ಆತ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಜೀವ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡ. ದೇವರು ಆತನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಆತ ಮಲಗಿದ, ದೇವದೂತನೊಬ್ಬ ಬಂದು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದ. ಎಲೀಯ ತಿಂದು ಕುಡಿದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದ. ಓದುವವರು ಈ ಎರಡನೆಯ ಸಲವನ್ನು ಗಮನಿಸದೆ ದಾಟಿಹೋಗುತ್ತಾರೆ. ನನಗೆ ಇಡೀ ಕಥೆಯ ತಿರುಳು ಅಲ್ಲಿದೆ ಎನ್ನಿಸುತ್ತದೆ. ಒಮ್ಮೆ ಬರುವವರು ಬಹಳ. ಮತ್ತೆ ಬರುವವರು ಕಡಿಮೆ.

ಯೋಬನ ಕಥೆಯೂ ಹಾಗೆಯೇ. ಮಕ್ಕಳು, ದನಕರು, ಆರೋಗ್ಯ ಎಲ್ಲವೂ ಹೋಗಿ ಬೂದಿಯಲ್ಲಿ ಕೂತವನ ಬಳಿಗೆ ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಕೂತರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಆಮೇಲೆ ಅವರು ದೇವರ ಪರವಾಗಿ ವಕೀಲಿ ಶುರುಮಾಡಿದರು: ನಿನ್ನ ಪಾಪದ ಫಲವಿದು, ತಪ್ಪು ಒಪ್ಪಿಕೋ ಎಂದರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಈ ಉಪದೇಶಕರ ಮೇಲೆ. ಕೂಗಾಡಿದ, ಜಗಳವಾಡಿದ, ಹುಟ್ಟಿದ ದಿನವನ್ನು ಶಪಿಸಿದ ಯೋಬನೇ ಸರಿಯಾಗಿ ಮಾತಾಡಿದನೆಂದು ತೀರ್ಪಾಯಿತು. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಹಿರಿಯರು ಅದನ್ನೂ ಪ್ರಾರ್ಥನೆಯೆಂದೇ ಇಟ್ಟುಕೊಂಡರು. ಯೇಸುಸ್ವಾಮಿ ಹಿಡಿಯಲ್ಪಟ್ಟ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮೂವರು ಶಿಷ್ಯರಿಂದ ಕೇಳಿದ್ದು ಧೈರ್ಯದ ಮಾತನ್ನಲ್ಲ. ನನ್ನ ಜೊತೆ ಎಚ್ಚರವಾಗಿರಿ ಎಂದಷ್ಟೆ. ಅವರು ನಿದ್ದೆಹೋದರು.

ಇಷ್ಟಾದರೂ ನಮ್ಮ ಸಭೆಗಳು ಹತಾಶೆಯನ್ನು ಬಹುಕಾಲ ಪಾಪದ ಲೆಕ್ಕಕ್ಕೆ ಸೇರಿಸಿದವು. ಜೀವ ಕಳೆದುಕೊಂಡವರಿಗೆ ಸಭೆಯ ಅಂತ್ಯಸಂಸ್ಕಾರವೂ ಸಿಗದ ಕಾಲವೊಂದಿತ್ತು. ಕಥೋಲಿಕ ಸಭೆ 1983ರ ತನ್ನ ಕಾನೂನಿನಲ್ಲಿ ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥದಲ್ಲಿ ಅಂಥವರ ಸದ್ಗತಿಯ ಬಗ್ಗೆ ಯಾರೂ ನಿರಾಶರಾಗಬಾರದೆಂದು ಹೇಳಿತು. ನಮ್ಮ ದೇಶದ ಕಾನೂನೂ ತಡವಾಗಿ ಅದೇ ದಾರಿ ಹಿಡಿಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಾಯಲು ಹೊರಟವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿದು ಆರೈಕೆ ಮಾಡಬೇಕೆಂದಿತು. ಧರ್ಮವೂ ಸರಕಾರವೂ ಬೈಯುವುದನ್ನು ಬಿಟ್ಟ ಮೇಲೆ ನಾವು ಓಣಿಯವರು ಇನ್ನೂ ಬೈಯುತ್ತಿರಬೇಕೇ?

ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿಯೊಬ್ಬರಿದ್ದರು. 1935ರಲ್ಲಿ ಅವರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಶವಸಂಸ್ಕಾರ ಮಾಡಬೇಕಾಯಿತು. ಆಕೆ ಮೊದಲ ಸಲ ಮುಟ್ಟಾಗಿದ್ದಳು. ಅದೇನೆಂದು ಹೇಳುವವರಿಲ್ಲದೆ, ಕೆಟ್ಟ ರೋಗ ಬಂತೆಂದು ಹೆದರಿ ಪ್ರಾಣ ಕಳೆದುಕೊಂಡಿದ್ದಳು. ಹೆಣ್ಣುಮಕ್ಕಳನ್ನು ಹೆತ್ತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತು ಕೇಳುವ ಒಬ್ಬ ಹೆಂಗಸು ಇದ್ದಿದ್ದರೆ ಸಾಕಿತ್ತು. 1953ರಲ್ಲಿ ವಾರಾ ತಮ್ಮ ಚರ್ಚಿನಲ್ಲಿ ಟೆಲಿಫೋನಿಟ್ಟು, ಸಾಯಬೇಕೆನ್ನುವವರು ನನಗೆ ಹೇಳಿರಿ ಎಂದು ಕರೆಕೊಟ್ಟರು. ಬಹಳ ಜನ ಬಂದರು. ಪಾದ್ರಿಗಾಗಿ ಕಾಯುತ್ತ ಕೂತವರಿಗೆ ಸಹಾಯಕ್ಕೆ ಬಂದ ಸಾಮಾನ್ಯ ಜನ ಚಹಾ ಕೊಟ್ಟು ಮಾತು ಕೇಳುತ್ತಿದ್ದರು. ಎಷ್ಟೋ ಮಂದಿ ಪಾದ್ರಿಯನ್ನು ನೋಡದೆಯೇ ಹಗುರಾಗಿ ಹಿಂದಿರುಗುತ್ತಿದ್ದರು. ವಾರಾ ಅದನ್ನು ಕಂಡು, ಮರುವರ್ಷವೇ ಕೇಳುವ ಕೆಲಸವನ್ನು ಆ ಸಾಮಾನ್ಯರ ಕೈಗೆ ಒಪ್ಪಿಸಿದರು. ಸಮಾರಿಟನ್ಸ್ ಎಂಬ ಆ ಸಂಸ್ಥೆ ಈಗಲೂ ನಡೆಯುತ್ತಿದೆ.

ಇದನ್ನೇ ನಮ್ಮ ಓಣಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಗಂಡ ತೀರಿಕೊಂಡ ಒಬ್ಬ ತಾಯಿ ಒಲೆ ಹಚ್ಚುವುದನ್ನೂ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದ್ದಳು. ಹದಿನೈದು ದಿನ ಎಲ್ಲರೂ ಬಂದರು, ಆಮೇಲೆ ಯಾರೂ ಬರಲಿಲ್ಲ. ನಮ್ಮ ಸಭೆಯ ಒಬ್ಬ ಮುದುಕಿ ಮಾತ್ರ ದಿನಾ ಮಧ್ಯಾಹ್ನ ಹೋಗುತ್ತಿದ್ದಳು. ಡಬ್ಬಿಯಲ್ಲಿ ಎರಡು ರೊಟ್ಟಿ, ಒಂದಿಷ್ಟು ಪಲ್ಯ. “ನನ್ನ ಕಣ್ಣ ಸರಿಯಾಗಿ ಕಾಣಂಗಿಲ್ಲವಾ, ಈ ಹೆಸರ ಕಾಳಷ್ಟ ಹಸನ ಮಾಡಿಕೊಡು” ಎಂದು ಮರ ಮುಂದಿಡುತ್ತಿದ್ದಳು. ದೇವರ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಆ ತಾಯಿ, “ನನಗ ಇರೂದ ಬ್ಯಾಡ ಅನ್ನಸ್ತದ ಆಯೀ” ಎಂದಳಂತೆ. ಮುದುಕಿ, “ಹಾಂಗ ಅನಬಾರದು” ಎನ್ನಲಿಲ್ಲ. “ಸಾಯಬೇಕು ಅನ್ನಸ್ತದೇನು?” ಎಂದು ನೇರವಾಗಿ ಕೇಳಿದಳು. ಹೌದೆಂದಾಗ ಆ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಅವಳನ್ನು ಚಿಗರಿ ಬಸ್ಸಿಗೆ ಹತ್ತಿಸಿಕೊಂಡು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದಳು.

1845ರಲ್ಲಿ ಶುರುವಾದ ಆ ಆಸ್ಪತ್ರೆಯನ್ನು ಹುಚ್ಚರ ದವಾಖಾನೆ ಎಂದು ಕರೆಯುವವರು ಇನ್ನೂ ಇದ್ದಾರೆ. ಆ ಹೆಸರಿಗೆ ಹೆದರಿ ಎಷ್ಟೋ ಮನೆಗಳವರು ಅಲ್ಲಿಗೆ ಹೋಗುವುದಿಲ್ಲ. ಜ್ವರಕ್ಕೆ ಔಷಧ ತೆಗೆದುಕೊಂಡರೆ ಕೆಡದ ವಿಶ್ವಾಸ ಮನಸ್ಸಿನ ಬೇನೆಗೆ ತೆಗೆದುಕೊಂಡರೆ ಕೆಡುವುದಿಲ್ಲ. ನೇರವಾಗಿ ಕೇಳಿದರೆ ಸಾವಿನ ವಿಚಾರ ತಲೆಗೆ ಹೊಕ್ಕೀತೆಂಬ ಭಯವೂ ಸುಳ್ಳು. ಕೇಳಿದರೆ ಗಂಟು ಸಡಿಲವಾಗುತ್ತದೆ. ಹೌದೆಂದವರನ್ನು ಮಾತ್ರ ಒಂಟಿಯಾಗಿ ಬಿಡಬಾರದು. ನಡುರಾತ್ರಿಯಾದರೂ 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ-ಮಾನಸ್‌ನವರು ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ.

ಆ ತಾಯಿಯ ದುಃಖ ಮಾಯವಾಯಿತೆಂದು ನಾನು ಹೇಳುವುದಿಲ್ಲ. ಗುಳಿಗೆ ಬಹಳ ದಿನ ನಡೆದವು. ಗಂಡ ತಿರುಗಿ ಬರಲಿಲ್ಲ. ಆದರೆ ಅವಳು ಇದ್ದಾಳೆ, ಮಗನಿಗೆ ಡಬ್ಬಿ ಕಟ್ಟುತ್ತಾಳೆ.

ಹಾಗಾದರೆ ನಾವು ಕೊಡಬಹುದಾದ ಭರವಸೆ ಯಾವುದು? ಮುಂದಿನ ವರ್ಷ ನಮ್ಮ ಕೈಯಲ್ಲಿಲ್ಲ. ಅದನ್ನು ದೇವರಿಗೆ ಬಿಡೋಣ. ಆದರೆ ನಾಳೆ ಮಧ್ಯಾಹ್ನ ಮೂರು ಗಂಟೆಗೆ ಅವಳ ಮನೆಯ ಕದ ತಟ್ಟುವುದು ನಮ್ಮ ಕೈಯಲ್ಲಿದೆ. ಅದರಲ್ಲಿ ಸುಳ್ಳಿಲ್ಲ, ಕಠೋರತನವೂ ಇಲ್ಲ. ಯೇಸುಸ್ವಾಮಿಯೂ ಶಿಷ್ಯರನ್ನು ಬಿಟ್ಟು ಹೋಗುವಾಗ ಕಷ್ಟ ಬರುವುದಿಲ್ಲವೆಂದು ಹೇಳಲಿಲ್ಲ. ಯಾವಾಗಲೂ ನಿಮ್ಮ ಸಂಗಡ ಇರುತ್ತೇನೆಂದರು. ಆ ಮಾತನ್ನು ನಂಬುವವರು ಅದನ್ನು ಬಾಯಿಂದ ಸಾರುವುದಕ್ಕಿಂತ ಕಾಲಿಂದ ನಡೆಸುವುದು ಹೆಚ್ಚಿನದು.

ಬೀಳ್ಕೊಳ್ಳುವಾಗ ನಾವು ಯಾರೂ ‘ಹೋಗತೇನಿ’ ಎನ್ನುವುದಿಲ್ಲ. ಅಪಶಕುನವೆಂದು ‘ಹೋಗಿ ಬರತೇನಿ’ ಎನ್ನುತ್ತೇವೆ. ನಿರಾಶೆಯಲ್ಲಿ ಕೂತವಳ ಹೊಸ್ತಿಲಲ್ಲಿ ನಿಂತು ಆ ಮಾತು ಆಡಿದರೆ, ಅಕ್ಕಾ, ಮರುದಿನ ನಿಜವಾಗಿಯೂ ಹೋಗಿ ಬನ್ನಿರಿ.